ಎರಡು ಇಂಚು ದೊಡ್ಡ ಚಕ್ರ

ಅವರು ನನ್ನ ಕಣ್ಣೆದುರು ಹನ್ನೊಂದು ಜನರಿಗೆ ಹೊಡೆದಿದ್ದಾರೆ. ಒಮ್ಮೆ ಕೂತು ಪಟ್ಟಿ ಮಾಡಿ ಎಣಿಸಿದ್ದೆ. ಆಮೇಲೆ ಆ ಪಟ್ಟಿಯನ್ನು ನೋಡಿದಾಗ, ಅದರಲ್ಲಿ ಮೂವರ ಏಟನ್ನು ನಾನು ಕಂಡೇ ಇರಲಿಲ್ಲ, ಗ್ಯಾರೇಜಿನವರು ಹೇಳಿದ್ದನ್ನು ಕೇಳಿ ಕೇಳಿ ಕಂಡೆ ಅಂದುಕೊಂಡಿದ್ದೆ ಎಂಬ ಅನುಮಾನ ಬಂತು. ಹಾಗಾಗಿ ಎಂಟು ಎನ್ನೋಣ. ಎಂಟರಲ್ಲಿ ಒಬ್ಬ ಪೊಲೀಸ್ ಹವಾಲ್ದಾರ. ಇನ್ನೊಬ್ಬ ಅವರ ಜೀವದ ಗೆಳೆಯ.

ಕಳೆದ ತಿಂಗಳು ಅವರು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ, ಹೆಂಡತಿ ಇನ್ನೂ ಬೊಂಬಾಯಿಯ ವಡಾಲದ ಅದೇ ಓಣಿಯಲ್ಲಿದ್ದಾರೆ. ಗ್ಯಾರೇಜಿನಲ್ಲಿ ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಬಿಜಾಪುರದ ಕಡೆಯವರು. ಮನೆಯಲ್ಲಿ ದಖ್ಖನಿ, ಗೆಳೆಯರ ಜೊತೆ ಕನ್ನಡ, ಗಿರಾಕಿಗಳ ಜೊತೆ ಬೊಂಬಾಯಿ ಹಿಂದಿ, ಇಂಜಿನ್ನಿನ ಜೊತೆ ಮಾತೇ ಇಲ್ಲ. ಎಡಗೈಯ ಎರಡು ಬೆರಳುಗಳಿಗೆ ತುದಿ ಇರಲಿಲ್ಲ. ಜ್ಯಾಕ್ ಜಾರಿ ಹೋದದ್ದಂತೆ.

ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ ಇಂಜಿನಿಯರಿಂಗ್ ಪದವಿಗೆ ಬೆಲೆ ಇರಲಿಲ್ಲ. ನಾನು ಒಂದೂವರೆ ವರ್ಷ ಸಯನ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಪ್ಪನ ಮುಖ ತಪ್ಪಿಸಿಕೊಂಡು ಕೂತಿದ್ದೆ. ನಮ್ಮ ಬಿಲ್ಡಿಂಗಿನ ಹಿಂದೆ ಮಿಲ್ಲಿನ ಒಡೆಯರಾದ ಒಬ್ಬ ಸೇಠರ ಬಂಗಲೆ ಇತ್ತು. ಅವರ ಡ್ರೈವರ್ ಸಂಗಪ್ಪ ಬಾಗಲಕೋಟೆಯ ಕಡೆಯವರು. ಸುಮ್ಮನೆ ಕೂರುವ ಬದಲು ಕೈಕೆಲಸ ನೋಡಿ ಎಂದು ನನ್ನನ್ನು ಒಂದು ದಿನ ವಡಾಲಕ್ಕೆ ಕರೆದುಕೊಂಡು ಹೋದದ್ದು ಅವರೇ. ಬಂದರಿನ ಕಡೆಯ ಖಾಲಿ ಜಾಗದಲ್ಲಿ ತಗಡಿನ ಶೆಡ್ಡು, ಒಳಗೆ ಒಂದು ಲಾರಿಯ ಹೊಟ್ಟೆಯ ಕೆಳಗೆ ಎರಡು ಕಾಲು.

"ಏನ್ ಓದ್ಯಾನ ಇಂವಾ?" ಎಂದು ಕಾಲುಗಳು ಸಂಗಪ್ಪನನ್ನು ಕೇಳಿದವು.

"ಇಂಜಿನಿಯರ್ ಅದಾರ."

"ಯಾವ ಇಂಜಿನ್ ಬಿಚ್ಯಾನ?"

"ಇನ್ನಾ ಯಾವುದೂ ಬಿಚ್ಚಿಲ್ಲ."

"ಹಂಗಾರ ಕುಂದರ್ಲಿ. ಯಾವುದಕ್ಕೂ ಕೈ ಹಚ್ಚಬ್ಯಾಡ ಅನ್ನು."

ಆವತ್ತಿನಿಂದ ನಾನು ಒಂದು ಬೋರಲು ಹಾಕಿದ ಎಣ್ಣೆ ಡ್ರಮ್ಮಿನ ಮೇಲೆ ಕೂತೆ. ಆ ಡ್ರಮ್ಮಿನಿಂದಲೇ ಏಟುಗಳನ್ನು ನೋಡಿದ್ದು. ಸೋರುವ ಬ್ರೇಕ್ ಪೈಪನ್ನು ಬದಲಿಸದೆ, ಬಡಿದು ಚಪ್ಪಟೆ ಮಾಡಿ, ಮೂರೇ ಚಕ್ರದ ಬ್ರೇಕಿನಲ್ಲಿ ತಿಂಗಳುಗಟ್ಟಲೆ ಓಡಿಸುತ್ತಿದ್ದ ಒಬ್ಬ ಲಾರಿ ಡ್ರೈವರನಿಗೆ ಉಸ್ತಾದ್ ಹಳೆಯ ಫ್ಯಾನ್‌ಬೆಲ್ಟಿನಿಂದ ಬಾರಿಸಿದರು. ಅವನು ಶೆಡ್ಡಿನ ಸುತ್ತ ಓಡಿದ. ಇವರು ಓಡಲಿಲ್ಲ, ನಡೆದುಕೊಂಡೇ ಮೂಲೆಗೆ ಸೇರಿಸಿ ಹೊಡೆದರು. ಅವನ ಕಿವಿಯ ಹಿಂದೆ ಚರ್ಮ ಸುಲಿದು ಬಂತು. ಹೊಡೆದಾದ ಮೇಲೆ ಅವನಿಗೆ ಚಹಾ, ಪಾವ್ ತರಿಸಿ, ಪೈಪು ಹಾಕಿಕೊಟ್ಟರು. ಇದು ಅವರ ರೂಢಿ. ಏಟು ತಿಂದವನಿಗೆ ಚಹಾ ಬರುತ್ತಿತ್ತು, ಬರೀ ಬೈಗಳು ತಿಂದವನಿಗೆ ಬರುತ್ತಿರಲಿಲ್ಲ.

ಹವಾಲ್ದಾರ ಬಿಚ್ಚಿಟ್ಟಿದ್ದ ಒಂದು ರೇಡಿಯೇಟರ್ ಮೇಲೆ ಬೂಟುಗಾಲಿಟ್ಟು ಬೀಡಿ ಹಚ್ಚಿದ್ದ. ತೆಗಿ ಎಂದರು. ಅವನು ನಕ್ಕ. ಕಾಲಿಗೆ ನಟ್ಟು ಬಿಚ್ಚುವ ಪಾನಾದಿಂದ ಕೊಟ್ಟರು. ಪೊಲೀಸರು ಉಸ್ತಾದರನ್ನು ಚೌಕಿಗೆ ಎಳೆದುಕೊಂಡು ಹೋದರು. ಮಾರನೆಯ ದಿನ ಮಧ್ಯಾಹ್ನ ಹಿಂತಿರುಗಿದಾಗ ತುಟಿ ಎರಡು ಪಾಲಾಗಿತ್ತು. ರಕ್ತ ಉಗುಳಿ, ಆ ರೇಡಿಯೇಟರನ್ನೇ ಬೆಸುಗೆ ಹಾಕಲು ಕೂತರು.

"ಗಾಡಿಗಿ ಬಾಯಿ ಇಲ್ಲ ಸಾಹೇಬ. ಅದಕ್ಕ ಹೊಡೀಬಾರ್ದು. ಮನಷ್ಯಾಗ ಬಾಯಿ ಐತಿ, ಎರಡು ಬಿಟ್ರ ಒದರ್ತಾನ, ಅಲ್ಲಿಗಿ ಮುಗೀತು" ಎನ್ನುತ್ತಿದ್ದರು.

ನನಗೆ ಎಂದೂ ಹೊಡೆಯಲಿಲ್ಲ. ಸಾಹೇಬ ಎಂದೇ ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು.

ಸೇಠರ ಮಗನನ್ನು ಎಲ್ಲರೂ ಛೋಟಾ ಸೇಠ್ ಎನ್ನುತ್ತಿದ್ದರು. ಅವನ ಹತ್ತಿರ ವಿಲಾಯತಿಯ ಒಂದು ಸ್ಪೋರ್ಟ್ಸ್ ಕಾರ್ ಇತ್ತು. ಮೇಲ್ಛಾವಣಿ ಇಲ್ಲದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳ ಗಾಡಿ. ಒಂದು ದಿನ ಅವನು ಬೇರೆ ಯಾವುದೋ ದೊಡ್ಡ ಕಾರಿನ ನಾಲ್ಕು ಚಕ್ರಗಳನ್ನು ಟ್ಯಾಕ್ಸಿಯಲ್ಲಿ ಹೇರಿಸಿಕೊಂಡು ಬಂದ. ಕಾರಿನದು ಹದಿಮೂರು ಇಂಚಿನ ಚಕ್ರ, ಇವು ಹದಿನೈದು ಇಂಚಿನವು, ಅಗಲವೂ ಹೆಚ್ಚು. ಉಪನಗರದಾಚೆ ಯುದ್ಧಕಾಲದ ಒಂದು ಹಳೆಯ ವಿಮಾನದ ರನ್‌ವೇ ಇತ್ತು. ಅಲ್ಲಿ ಶ್ರೀಮಂತರ ಮಕ್ಕಳು ಕಾರಿನ ರೇಸು ಇಟ್ಟುಕೊಳ್ಳುತ್ತಿದ್ದರು. ದೊಡ್ಡ ಚಕ್ರ ಹಾಕಿದರೆ ವೇಗ ಹೆಚ್ಚುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು.

"ನಕ್ಕೋ" ಎಂದರು ಉಸ್ತಾದ್. ಬೇಡ ಎನ್ನಲು ಅವರಿಗೆ ಆ ಒಂದು ಮಾತು ಸಾಕಾಗುತ್ತಿತ್ತು.

ಛೋಟಾ ಸೇಠ್ ಡ್ರಮ್ಮಿನ ಮೇಲೆ ಕೂತಿದ್ದ ನನ್ನ ಕಡೆ ನೋಡಿದ. ಆ ಗ್ಯಾರೇಜಿನಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಸಿಗರೇಟಿನ ಪ್ಯಾಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಇಂಜಿನ್ ಅಷ್ಟೇ ಸುತ್ತು ತಿರುಗಿದರೂ ದೊಡ್ಡ ಚಕ್ರ ಪ್ರತಿ ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಉದ್ದನೆಯ ನೇರ ದಾರಿಯಲ್ಲಿ ವೇಗ ಎಂಟನೆಯ ಒಂದು ಪಾಲಿನಷ್ಟು ಹೆಚ್ಚಬಹುದು ಎಂದೆ. ಆ ಲೆಕ್ಕ ಸರಿಯಾಗಿತ್ತು. ಈಗಲೂ ಸರಿಯಾಗಿಯೇ ಇದೆ.

ಉಸ್ತಾದ್ ನನ್ನ ಕೈಗೆ ಒಂದು ಖಾಲಿ ಬಕೆಟ್ ಕೊಟ್ಟು, ಗೇಟಿನ ತನಕ ಓಡಿ ತಿರುಗಿ ಬಾ ಎಂದರು. ಓಡಿದೆ. ಆಮೇಲೆ ನೀರು ತುಂಬಿದ ಬಕೆಟ್ ಕೊಟ್ಟರು. ಗೇಟಿನ ಹತ್ತಿರ ತಿರುಗುವಾಗ ಬಕೆಟ್ ನನ್ನನ್ನು ಎಳೆದುಕೊಂಡು ಹೋಗಿ ಗೋಡೆಗೆ ಬಡಿಯಿತು. ಎಲ್ಲರೂ ನಕ್ಕರು.

"ತ್ವಾಳ ಅದ ಐತಿ, ಬಕೆಟ್ ಅಷ್ಟ ಬ್ಯಾರೆ. ನಿನ್ನ ತ್ವಾಳು ಸ್ಪ್ರಿಂಗು, ಬಕೆಟ್ ಗಾಲಿ. ಗಾಲಿ ಭಾರ ಆದ್ರ ಸ್ಪ್ರಿಂಗಿನ ಮಾತು ಕೇಳಂಗಿಲ್ಲ. ತಗ್ಗಿನ್ಯಾಗ ಬಿದ್ದಿದ್ದು ಲಗೂನ ಏಳಂಗಿಲ್ಲ, ಎದ್ದಿದ್ದು ಲಗೂನ ಇಳಿಯಂಗಿಲ್ಲ."

ಉಸ್ತಾದರ ತಂದೆ ಬಿಜಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದರಂತೆ. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ದೊಡ್ಡ ಬಂಡಿಯ ಗಾಲಿಗಳನ್ನು ಟಾಂಗಾಕ್ಕೆ ಹಾಕಿಸಿದರು. ಹಿಂದೆ ಎತ್ತರವಾಯಿತು, ಭಾರವೆಲ್ಲ ಮುಂದಕ್ಕೆ ವಾಲಿ ಕುದುರೆಯ ಬೆನ್ನಿನ ಮೇಲೆ ಬಿತ್ತು. ಬೆನ್ನು ಹುಣ್ಣಾಗಿ ಕುದುರೆ ನಿಂತರೆ ತಂದೆ ಅದಕ್ಕೆ ಹೊಡೆಯುತ್ತಿದ್ದರು. ಒಂದು ದಿನ ಅದು ಬಸ್ ಸ್ಟ್ಯಾಂಡಿನ ಎದುರು ಕುಸಿಯಿತು. ಬಿದ್ದ ಮೇಲೂ ಹೊಡೆದರಂತೆ. "ಗಾಲಿ ತಪ್ಪಿಗಿ ಕುದರಿ ಹೊಡತ ತಿಂತು" ಎಂದಿದ್ದರು ಉಸ್ತಾದ್. ಅದನ್ನು ಹೇಳುವಾಗ ಅವರು ಬೇರೆ ಯಾವುದೋ ಕೆಲಸ ಮಾಡುತ್ತಿದ್ದರು, ತಲೆ ಎತ್ತಲಿಲ್ಲ.

ಛೋಟಾ ಸೇಠ್ ಬಿಡಲಿಲ್ಲ. ಶೆಡ್ಡು ನಿಂತ ಜಾಗ ಅವನಪ್ಪನ ಹಿಡಿತದಲ್ಲಿತ್ತು, ಅದನ್ನು ಒಂದು ಸಲ ನೆನಪಿಸಿದ. ಉಸ್ತಾದ್ ಚಕ್ರ ಹಾಕಿದರು. ಹಾಕಿ, ತಮ್ಮ ಪದ್ಧತಿಯಂತೆ ಪರೀಕ್ಷೆ ಮಾಡಿದರು. ಆ ಪದ್ಧತಿಯನ್ನು ಅವರಲ್ಲಿ ಬಿಟ್ಟು ಬೇರೆಲ್ಲೂ ನಾನು ಕಂಡಿಲ್ಲ. ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಮಡ್‌ಗಾರ್ಡಿನ ಒಳಮೈಗೆಲ್ಲ ಬೆರಳಿನಿಂದ ಬಳಿಯುವುದು. ಆಮೇಲೆ ಕಾರಿನ ಮೂತಿಯ ಮೇಲೆ ನಾಲ್ಕು ಜನರನ್ನು ಕೂರಿಸಿ, ಕೆಳಗಿನಿಂದ ಜ್ಯಾಕ್ ಕೊಟ್ಟು ಚಕ್ರವನ್ನು ಸ್ಪ್ರಿಂಗ್ ಪೂರ್ತಿ ಅದುಮುವ ತನಕ ಮೇಲೆತ್ತಿ, ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುವುದು. ಇಳಿಸಿ ನೋಡಿದರೆ, ಟೈರಿನ ಮೇಲೆ ಸುಣ್ಣ ಇದ್ದಲ್ಲಿ ಲೋಹ ತಾಗಿದೆ ಎಂದು ಅರ್ಥ. ಆ ಕಾರಿನ ಮುಂದಿನ ಎರಡೂ ಟೈರುಗಳ ಭುಜದ ಮೇಲೆ ಅಂಗೈಯಗಲ ಬಿಳಿ ಇತ್ತು.

"ಇಷ್ಟ ಅಲ್ಲ. ಗಾಲಿ ಎರಡು ಬಟ್ಟು ಹೊರಗ ನಿಂತೈತಿ. ಒಳಗಿನ ಆಕ್ಸಲ್‌ಗಿ ಅದು ಸಲಾಕಿ ಹಾಕಿ ಜಗ್ಗಿದಂಗ. ತಿರುವಿನ್ಯಾಗ ಮುರೀತೈತಿ" ಎಂದರು.

ನಾನು ಡ್ರಮ್ಮಿನಿಂದ ಇಳಿದು ಬಂದು ಹೇಳಿದೆ. ರನ್‌ವೇ ಸಪಾಟಾಗಿರುತ್ತದೆ. ಸ್ಪ್ರಿಂಗ್ ಅಷ್ಟು ಅದುಮಬೇಕಾದರೆ ಬೀಳಬೇಕಾದ ಭಾರ ಇಂತಿಷ್ಟು, ಅಷ್ಟು ಭಾರ ಅಲ್ಲಿ ಬೀಳುವುದಿಲ್ಲ. ನಾಲ್ಕು ಜನ ಮೂತಿಯ ಮೇಲೆ ಕೂತು ಯಾರೂ ರೇಸು ಓಡುವುದಿಲ್ಲವಲ್ಲ ಎಂದೂ ಸೇರಿಸಿದೆ. ಛೋಟಾ ಸೇಠ್ ಜೋರಾಗಿ ನಕ್ಕ. ಅಪ್ಪನ ಮಿಲ್ಲಿನಲ್ಲಿ ನನ್ನಂಥವರಿಗೆ ಜಾಗ ಇದೆ ಎಂದ.

ರನ್‌ವೇಯವರು ಓದಿದ ಇಂಜಿನಿಯರನ ಸಹಿ ಇರುವ ಕಾಗದ ಕೇಳುತ್ತಿದ್ದರು. ಗಾಡಿ ಯೋಗ್ಯವಾಗಿದೆ ಎಂದು ನಾನು ಬರೆದು ಸಹಿ ಮಾಡಿಕೊಟ್ಟೆ. ನನ್ನ ಹೆಸರಿನ ಮುಂದೆ ಪದವಿಯನ್ನು ಬರೆದದ್ದು ಅದೇ ಮೊದಲು.

ರೇಸಿಗೆ ಮೊದಲು ಒಂದು ಬೆಳಿಗ್ಗೆ ಪರೀಕ್ಷೆಯ ಓಟ ಎಂದು ಗೊತ್ತಾಯಿತು. ಛೋಟಾ ಸೇಠ್ ಹೊರಗೆ ನಿಂತು ಚಕ್ರಗಳು ಹೇಗೆ ಓಡುತ್ತವೆ ಎಂದು ನೋಡುವುದು, ಕಾರನ್ನು ಪೂರ್ತಿ ವೇಗದಲ್ಲಿ ಓಡಿಸಿ ತುದಿಯಲ್ಲಿ ತಿರುಗಿಸುವುದು ಸಂಗಪ್ಪ. ಸಂಗಪ್ಪ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಅವರು, ಹೆಂಡತಿ, ಮೂರು ಹೆಣ್ಣುಮಕ್ಕಳು ಇದ್ದದ್ದು ಸೇಠರ ಬಂಗಲೆಯ ಹಿಂದಿನ ಖೋಲಿಯಲ್ಲಿ. ಇಲ್ಲ ಎಂದರೆ ಆ ಸಂಜೆಯೇ ಪಾತ್ರೆ ಪಗಡಿ ರಸ್ತೆಗೆ ಬರುತ್ತಿದ್ದವು.

ಹಿಂದಿನ ದಿನ ಉಸ್ತಾದ್ ನನ್ನನ್ನು ಶೆಡ್ಡಿನ ಹೊರಗೆ ಕರೆದರು.

"ಸಾಹೇಬ, ಆ ಕಾಗದ ವಾಪಸ್ ತಗೊ. ಲೆಕ್ಕ ತಪ್ಪಿತ್ತು ಅನ್ನು."

"ಲೆಕ್ಕ ತಪ್ಪಿಲ್ಲವಲ್ಲ."

"ಸಂಗ್ಯಾ ಕುಂದರಾಂವ ಅದಾನ ಅದರಾಗ."

"ಏನೂ ಆಗುವುದಿಲ್ಲ ಉಸ್ತಾದ್."

ಅವರು ನನ್ನತ್ತ ಒಂದು ಹೆಜ್ಜೆ ಇಟ್ಟರು. ಈಗ ಹೊಡೆಯುತ್ತಾರೆ ಎಂದುಕೊಂಡೆ. ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ನಾನು ಗೇಟು ದಾಟಿದಾಗ ಅವರಿಬ್ಬರೂ ಕೆಲಸದ ಮೇಜಿನ ಹತ್ತಿರ ನಿಂತಿದ್ದರು. ಸಂಗಪ್ಪನ ಬಲಗೈ ಮೇಜಿನ ಮೇಲಿತ್ತು. ಉಸ್ತಾದ್ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಟೈರು ಕಳಚುವ ಕಬ್ಬಿಣದ ಸಲಾಕೆ, ಟಾಮಿ ಎನ್ನುತ್ತಾರೆ, ಅದನ್ನೆತ್ತಿ ಆ ಕೈಗೆ ಹೊಡೆದರು. ಸಂಗಪ್ಪ ಬಾಗಿದರು. ಎರಡನೆಯ ಸಲ ಹೊಡೆದರು. ಈ ಸಲ ಶಬ್ದ ಬೇರೆ ಇತ್ತು, ಹಸಿ ಕಟ್ಟಿಗೆ ಮುರಿದಂತೆ. ಮುಂಗೈಯ ಎಲುಬು ಚರ್ಮದ ಒಳಗಿನಿಂದ ಗುಡಾರದಂತೆ ಎದ್ದು ನಿಂತಿತು. ಸಂಗಪ್ಪ ಕಿರುಚಲಿಲ್ಲ, ವಾಂತಿ ಮಾಡಿಕೊಂಡರು. ಗ್ಯಾರೇಜಿನ ಇಬ್ಬರು ಅವರನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

ಛೋಟಾ ಸೇಠ್ ಬಂದಾಗ ಉಸ್ತಾದ್ ಟಾಮಿಯನ್ನು ಕೈಯಲ್ಲೇ ಹಿಡಿದಿದ್ದರು. ನಡೆದದ್ದು ತಿಳಿದು ಅವನು ಕೆನ್ನೆಗೆ ಬಾರಿಸಿದ. ಇವರು ತಿರುಗಿ ಹೊಡೆಯಲಿಲ್ಲ. "ಗಾಡಿ ಒಯ್ಬ್ಯಾಡ್ರಿ" ಎಂದರು, ಮತ್ತೆ ಅದನ್ನೇ ಹಿಂದಿಯಲ್ಲಿ ಹೇಳಿದರು. ನಾನೇ ಓಡಿಸುತ್ತೇನೆ, ಇಂಜಿನಿಯರ್, ನೀನು ಕೂತುಕೋ ಎಂದ ಅವನು. ನಾನು ಕೂತೆ. ಸಹಿ ಮಾಡಿದವನು ಕೂರದೆ ಇರುವುದು ಹೇಗೆ? ಉಸ್ತಾದ್ ಓಡಿ ಬಂದು ನನ್ನ ಕೊರಳಪಟ್ಟಿ ಹಿಡಿದು, ಬಾಗಿಲಿನ ಮೇಲಿನಿಂದಲೇ ಎತ್ತಿ, ನೆಲಕ್ಕೆ ಎಸೆದರು. ಎಣ್ಣೆಯ ಕೆಸರಿನಲ್ಲಿ ಬಿದ್ದೆ. ಅಂಗಿ ಬೆನ್ನುದ್ದ ಹರಿಯಿತು. ಇಡೀ ಗ್ಯಾರೇಜು ನೋಡಿತು. ಛೋಟಾ ಸೇಠನ ಜೊತೆ ಬಂದಿದ್ದ ಇಬ್ಬರು ಕಾವಲುಗಾರರು ಉಸ್ತಾದರನ್ನು ಕೆಡವಿ ಪಕ್ಕೆಗೆ ಒದೆಯತೊಡಗಿದರು. ಆ ಗದ್ದಲದಲ್ಲಿ ಕಾರು ಹೊರಟುಹೋಯಿತು.

ರನ್‌ವೇಯ ತುದಿಯ ತಿರುವಿನಲ್ಲಿ ಅದು ಮೂರು ಪಲ್ಟಿ ಹೊಡೆಯಿತು ಎಂದು ಕೇಳಿದೆ. ನಾನು ಆ ಮಧ್ಯಾಹ್ನ ಹೋಗಿ ನೋಡಿದಾಗ ಮುಂದಿನ ಎಡಚಕ್ರ ನೂರು ಹೆಜ್ಜೆ ದೂರ ಹುಲ್ಲಿನಲ್ಲಿ ಬಿದ್ದಿತ್ತು, ಆಕ್ಸಲಿನ ಮುರಿದ ತುಂಡು ಅದಕ್ಕೇ ಅಂಟಿತ್ತು. ಮಡ್‌ಗಾರ್ಡು ಟೈರನ್ನು ಸೀಳಿದ ಗುರುತು ಇತ್ತು. ಪಕ್ಕದ ಸೀಟು, ನಾನು ಕೂತಿದ್ದದ್ದು, ಕಾಗದದಂತೆ ಮಡಚಿ ಹೋಗಿತ್ತು. ಛೋಟಾ ಸೇಠ್ ಬದುಕಿದ, ಒಂದು ಕಾಲನ್ನು ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು.

ಅಲ್ಲಿ ನಿಂತು ನಾನು ಯೋಚಿಸಿದ್ದು ಏನೆಂದು ಪ್ರಾಮಾಣಿಕವಾಗಿ ಬರೆಯಬೇಕು. ಒಂದು ಅಪಘಾತದಿಂದ ಏನೂ ಸಾಬೀತಾಗುವುದಿಲ್ಲ. ಹಳೆಯ ಆಕ್ಸಲಿನಲ್ಲಿ ಮೊದಲೇ ಬಿರುಕು ಇದ್ದಿರಬಹುದು. ಹೀಗೆ ಯೋಚಿಸುತ್ತ ನಾನು ಬೆನ್ನು ಹರಿದ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡು ನಿಂತಿದ್ದೆ.

ಚಕ್ರ ಸಡಿಲ ಮಾಡಿದ್ದಾನೆ ಎಂದು ಉಸ್ತಾದರ ಮೇಲೆ ಕೇಸು ಹಾಕಲು ದೊಡ್ಡ ಸೇಠರು ನೋಡಿದರು. ಆದರೆ ಚಕ್ರದ ನಟ್ಟುಗಳು ಎಲ್ಲವೂ ಬಿಗಿಯಾಗೇ ಇದ್ದವು. ಉಳಿದದ್ದು ಸಂಗಪ್ಪನ ಕೈ. ಹೊಡೆದದ್ದನ್ನು ಮೊದಲಿನಿಂದ ಕಂಡ ಸಾಕ್ಷಿ ನಾನೊಬ್ಬನೇ. ನನ್ನ ಸಹಿಯ ಕಾಗದವನ್ನು ಯಾರೂ ಕೇಳಲಿಲ್ಲ. ಉಸ್ತಾದರೂ ಅದರ ಮಾತೆತ್ತಲಿಲ್ಲ.

ಕೋರ್ಟಿನಲ್ಲಿ ಮೊದಲು ಸಂಗಪ್ಪನನ್ನು ಕೇಳಿದರು. "ಯಾಕ ಹೊಡದ ನನಗ ಗೊತ್ತಿಲ್ರಿ" ಎಂದರು. ಆಮೇಲೆ ನನ್ನನ್ನು ಕೇಳಿದರು, ಹೊಡೆಯುವ ಮೊದಲು ಏನು ನಡೆಯಿತು?

ಏನೂ ನಡೆದಿರಲಿಲ್ಲ. ಇಬ್ಬರೂ ಸುಮ್ಮನೆ ನಿಂತಿದ್ದರು. ಆದರೆ ಕಾರಣವಿಲ್ಲದೆ ಒಬ್ಬ ಮನುಷ್ಯ ಇನ್ನೊಬ್ಬನ ಕೈ ಮುರಿಯುತ್ತಾನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದು ಅಪೂರ್ಣ ವಾಕ್ಯದಂತೆ ಕಂಡಿತು. "ಜಗಳ ಆಯಿತು. ಆ ಗಾಡಿ ಮುಟ್ಟಿದರೆ ಕೈ ಮುರೀತೀನಿ ಎಂದು ಉಸ್ತಾದ್ ಕೂಗಿದರು. ಒಮ್ಮೆ ಹೊಡೆದರು, ಸಾಲದೆಂದು ಮತ್ತೊಮ್ಮೆ ಹೊಡೆದರು" ಎಂದೆ. ಎಷ್ಟು ಸರಾಗವಾಗಿ ಹೇಳಿದೆನೆಂದರೆ, ಎಷ್ಟೋ ವರ್ಷ ನನಗೆ ಆ ಕೂಗು ನಿಜವಾಗಿಯೂ ಕೇಳಿಸುತ್ತಿತ್ತು. ಉಸ್ತಾದರ ದನಿ, ತಗಡಿನ ಶೆಡ್ಡಿನಲ್ಲಿ ಅದರ ಮಾರ್ದನಿ, ಎಲ್ಲ.

ಕಟಕಟೆಯಿಂದ ಅವರು ನನ್ನನ್ನು ನೋಡಿದರು. ದ್ವೇಷ ಎಂದುಕೊಂಡೆ.

ಬೆದರಿಸಿ ಹೊಡೆದದ್ದು, ಬಿದ್ದ ಕೈಗೆ ಮತ್ತೆ ಹೊಡೆದದ್ದು, ಎರಡನ್ನೂ ಮ್ಯಾಜಿಸ್ಟ್ರೇಟರು ಎತ್ತಿ ಹೇಳಿ ಎರಡು ವರ್ಷ ಕೊಟ್ಟರು. ಜೈಲಿನಿಂದ ಬರುವಷ್ಟರಲ್ಲಿ ಶೆಡ್ಡಿನ ಜಾಗದಲ್ಲಿ ಗೋದಾಮು ಎದ್ದಿತ್ತು. ಆಮೇಲೆ ಅವರು ಬೇರೆಯವರ ಗ್ಯಾರೇಜಿನಲ್ಲಿ ಕೂಲಿಗೆ ದುಡಿದರು. ಒದೆತ ತಿಂದ ಪಕ್ಕೆ ಕೊನೆಯವರೆಗೂ ನೋಯುತ್ತಿತ್ತಂತೆ. ಸಂಗಪ್ಪನ ಕೈ ಸೊಟ್ಟಗೆ ಕೂಡಿಕೊಂಡಿತು. ಡ್ರೈವಿಂಗ್ ಹೋಯಿತು. ಪಾಪದವನು, ನಮ್ಮ ಕೆಲಸಕ್ಕೆ ನಿಂತು ಏಟು ತಿಂದ ಎಂದು ಸೇಠರು ಅವರನ್ನು ಬಂಗಲೆಯ ಕಾವಲಿಗೆ ಇಟ್ಟುಕೊಂಡರು. ಖೋಲಿ ಉಳಿಯಿತು, ಮೂವರು ಹೆಣ್ಣುಮಕ್ಕಳ ಮದುವೆಯೂ ಅಲ್ಲಿಂದಲೇ ಆಯಿತು. ನನಗೆ ಬೇರೆ ಕಡೆ ನೌಕರಿ ಸಿಕ್ಕಿತು, ಮುಲುಂಡ್‌ಗೆ ಬಂದೆ. ಉಸ್ತಾದರ ಕತೆಯನ್ನು ಆಫೀಸಿನಲ್ಲಿ ನೂರು ಸಲ ಹೇಳಿದ್ದೇನೆ, ಗೆಳೆಯನ ಕೈ ಮುರಿದ ಒರಟನ ಕತೆ ಎಂದು. ಹೇಳಿದಾಗಲೆಲ್ಲ ಆ ಕೂಗಿಗೆ ಒಂದೆರಡು ಮಾತು ಸೇರುತ್ತಿದ್ದವು.

ಕಳೆದ ತಿಂಗಳು ಸಂಗಪ್ಪ ಲೋಕಲ್ ಹಿಡಿದು ಮುಲುಂಡಿನ ನನ್ನ ಮನೆ ಹುಡುಕಿಕೊಂಡು ಬಂದು ಸಾವಿನ ಸುದ್ದಿ ಹೇಳಿದರು. ಮಣ್ಣು ಕೊಟ್ಟು ಮೂರು ದಿನವಾಗಿತ್ತು. ಎಡಗೈಯಿಂದ ಚಹಾದ ಬಟ್ಟಲು ಹಿಡಿದರು.

"ಅವರನ್ನು ಕ್ಷಮಿಸಿದಿರಾ?" ಎಂದು ಕೇಳಿದೆ.

ನಾನು ಏನೋ ಪರಭಾಷೆಯಲ್ಲಿ ಕೇಳಿದೆನೇನೋ ಎಂಬಂತೆ ನೋಡಿದರು.

"ಕೈ ನಾನ ಇಟ್ಟಿದ್ನೆಲ್ರಿ ಸಾಹೇಬ್ರ. ಮುರಿ ಅಂತ ನಾನ ಅಂದಿದ್ದೆ. ಓಡಸೂದಿಲ್ಲ ಅಂದ್ರ ಖೋಲಿ ಹೋಗತಿತ್ತು. ಓಡಿಸಿದ್ರ ನಾನ ಹೋಗ್ತಿದ್ದೆ. ಕೈ ಮುರದ್ರ ಎರಡೂ ಉಳೀತಾವ ಅಂತ ಇಬ್ಬರೂ ಕುಂತು ಮಾತಾಡಿದ್ವಿ. ಅಂವಾ ಒಲ್ಲೆ ಅಂದ. ಕಾಲು ಹಿಡಕೊಂಡೆ."

ನಾನು ಅವರ ಸೊಟ್ಟ ಕೈಯನ್ನು ನೋಡಿದೆ.

"ಮೊದಲನೇದು ಹಗೂರ ಬಿಟ್ಟ. ಮುರೀಲಿಲ್ಲ. ಇನ್ನೊಂದು ಹೊಡಿ, ನನ್ನ ಮಕ್ಕಳ ಆಣಿ ಅಂತ ಮೆಲ್ಲಕ ಅಂದೆ. ಆವಾಗ ಕಣ್ಣು ಮುಚ್ಚಿ ಹೊಡದ."

"ಆದರೆ ನಾನು ಅಲ್ಲೇ ಇದ್ದೆನಲ್ಲ."

"ನೀವು ಬರೂ ಮಟ ನಿಂತಿದ್ವಿರಿ. ಏಳೂವರಿಗೇ ಕೈ ಇಟ್ಟಿದ್ದೆ. ಓದಿದಾಂವ ಒಬ್ಬ ಕಣ್ಣೀಲೆ ನೋಡಬೇಕು, ಇಲ್ಲಂದ್ರ ನಾಟಕ ಅಂತಾರ ಸೇಠ್ ಮಂದಿ ಅಂದ ಉಸ್ತಾದ. ಸಾಹೇಬ ಬರ್ಲಿ, ಅಂವಾ ಕಂಡದ್ದು ಕಂಡಂಗ ಹೇಳ್ತಾನ, ಹೆಚ್ಚಿಲ್ಲ ಕಡಿಮಿಲ್ಲ ಅಂದ. ಹಗಿ ಇಲ್ಲ, ಬೆದರಿಕಿ ಇಲ್ಲ, ಯಾವುದೋ ಸಿಟ್ಟಿನ್ಯಾಗ ಕೈ ಬೀಸಿದ ಅಂತ ಅವನ ವಕೀಲನ ಕಡಿಂದ ಹೇಳಿಸಿದ್ವಿ. ನಾಕೈದು ತಿಂಗಳ್ದಾಗ ಬರ್ತಾನ ಅಂದಿದ್ರು."

ಬಟ್ಟಲನ್ನು ಕೆಳಗಿಟ್ಟು ಅವರು ಎದ್ದರು. ನಾಲ್ಕು ಇಪ್ಪತ್ತರ ಸ್ಲೋ ಗಾಡಿ ಹಿಡಿಯಬೇಕಿತ್ತು. ನಾನು ಬಾಗಿಲ ತನಕ ಹೋದೆ. ಕೋರ್ಟಿನಲ್ಲಿ ನಾನು ಹೇಳಿದ್ದರ ಬಗ್ಗೆ ಉಸ್ತಾದ್ ಎಂದಾದರೂ ಏನಾದರೂ ಅಂದದ್ದುಂಟೇ ಎಂದು ಕೇಳಿದೆ. ಸಂಗಪ್ಪ ಚಪ್ಪಲಿಯ ಪಟ್ಟಿಯನ್ನು ಎಡಗೈಯಿಂದಲೇ ಹಾಕಿಕೊಳ್ಳುತ್ತಿದ್ದರು, ಬಗ್ಗಿಕೊಂಡೇ ಉತ್ತರ ಕೊಟ್ಟರು.

"ಜೇಲಿನ ಗಾಡಿ ಹತ್ತೂ ಮುಂದ ಒಂದ ಮಾತು ಕೇಳಿದ. ಸಂಗ್ಯಾ, ನಾ ಖರೇನ ಹಂಗ ಕೂಗಿ ಒದರಿದ್ನೇನಲೇ, ನನಗ ನೆನಪಿಲ್ಲ ಅಂದ. ಇಲ್ಲ ಅಂದೆ, ನಂಬಲಿಲ್ಲ. ಓದಿದಾಂವ ಹೇಳ್ಯಾನಂದ ಮ್ಯಾಲೆ ಒದರಿರಬೇಕು ಅಂತ ಸಾಯೂ ಮಟ ಅನಕೊಂಡಿದ್ದ."